ಅಗ್ಗದ ಪ್ರೈವೇಟ್ ಟ್ರೈನಾ, ಸರ್ಕಾರಿ ರೈಲ್ವೇನಾ? ಬರ್ಲಿನ್ ಟು ರೋಮ್, ಓಡಾಡಿರೋರು ಹೇಳ್ರಪ್ಪ

ಹಾಸನದಿಂದ_ಬರ್ಲಿನ್
ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಮೊದಲ ಸಲ ಈ ಕಡೆ ಬರ್ತಿದಾರೆ. ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್ ಎಲ್ಲಾ ಟ್ರೈನಲ್ಲೇ ಸುತ್ತಿಸಿ ರೋಮ್‌ನಿಂದ ಫ್ಲೈಟ್ ಹತ್ತಿಸೋದು ಅಂತ ಪ್ಲಾನ್. ಅಪ್ಪಂಗೆ ಟ್ರೈನ್ ಅಂದ್ರೆ ಜೀವ, ಅಮ್ಮಂಗೆ ಮಂಡಿ ನೋವು. ಟಿಕೆಟ್ ನೋಡೋಕೆ ಕೂತ್ರೆ ತಲೆ ಕೆಟ್ಟೋಯ್ತು, ಒಂದೇ ಊರಿಂದ ಒಂದೇ ಊರಿಗೆ ಎರಡು ಮೂರು ಕಂಪನಿ, ರೇಟು ಒಂದಕ್ಕೊಂದು ಸಂಬಂಧನೇ ಇಲ್ಲ. ರೆಜಿಯೋಜೆಟ್, ಇಟಾಲೊ ಅಂತ ಪ್ರೈವೇಟ್ ಟ್ರೈನುಗಳಿವೆ, ಇವೆಲ್ಲ ಚೀಪ್ ಆಗಿ ಕಾಣ್ತಿದೆ. ಆಫೀಸಲ್ಲಿ ಒಬ್ಬ ಕೊಲೀಗ್ ಅವೆಲ್ಲ ಬೇಡ ಸರ್ಕಾರಿ ರೈಲ್ವೇನೇ ಹಿಡ್ಕೊ ಅಂದ, ಅವನ ಪಕ್ಕ ಕೂರೋನು ಡಿಬಿ (ಜರ್ಮನಿ ಸರ್ಕಾರಿ ರೈಲ್ವೆ) ಹೆಸರು ಕೇಳಿದ್ರೇ ಉರಿದು ಬೀಳ್ತಾನೆ. ಯಾರ ಮಾತು ಕೇಳೋದು?

ಬ್ರನೋ_ಬಯಲುಸೀಮೆ
ಬರ್ಲಿನ್ ಪ್ರಾಗ್‌ಗೆ ಜಾಸ್ತಿ ಯೋಚ್ನೆ ಮಾಡ್ಬೇಡಿ, ಡಿಬಿ ಮತ್ತು ಚೆಕ್ ಸರ್ಕಾರಿ ರೈಲ್ವೆ (ಚೆಸ್ಕೆ ದ್ರಾಹಿ) ಸೇರಿ ಓಡಿಸೋ ಯೂರೋಸಿಟಿ ಇದೆ, ಅದನ್ನೇ ಹಿಡೀರಿ. ಎಲ್ಬೆ ನದಿ ಪಕ್ಕದಲ್ಲೇ ಹೋಗುತ್ತೆ, ಡ್ರೆಸ್ಡೆನ್ ದಾಟಿದ್ಮೇಲೆ ಬಂಡೆ ಬೆಟ್ಟ ಎಲ್ಲಾ ಕಾಣುತ್ತೆ, ಪ್ರಾಗ್ ಕಡೆ ಹೋಗುವಾಗ ಎಡಗಡೆ ಸೀಟ್ ತಗೊಳಿ.

ಪ್ರಾಗ್ ವಿಯೆನ್ನಾಗೆ ಮಾತ್ರ ನಿಜವಾದ ಕಾಂಪಿಟಿಷನ್ ಇದೆ. ಒಂದು ಕಡೆ ರೈಲ್‌ಜೆಟ್, ಅದು ಚೆಕ್ ಮತ್ತು ಆಸ್ಟ್ರಿಯಾ ಸರ್ಕಾರಿ ರೈಲ್ವೆ ಜೊತೆಯಾಗಿ ಓಡಿಸೋದು, ಇನ್ನೊಂದು ಕಡೆ 2017 ರ ಡಿಸೆಂಬರ್‌ನಿಂದ ಹಳದಿ ಬಣ್ಣದ ರೆಜಿಯೋಜೆಟ್. ನಾನು ನಡುವೆ ಸಿಗೋ ಬ್ರನೋ ಊರಲ್ಲಿ ಇರೋದ್ರಿಂದ ಎರಡೂ ನಮ್ಮ ಸ್ಟೇಷನ್ನಿಗೇ ಬರುತ್ವೆ. ಹಳದಿ ಟ್ರೈನಲ್ಲಿ ಕಾಫಿ ಫ್ರೀ, ಸ್ಟೀವರ್ಡ್ ಹುಡುಗ್ರು ಬಂದು ಆರ್ಡರ್ ತಗೊಂಡು ಸೀಟಿಗೇ ತಂದ್ಕೊಡ್ತಾರೆ, ಸೀಟ್ ರಿಸರ್ವೇಷನ್ ಟಿಕೆಟ್ ಒಳಗೇ ಸೇರಿರುತ್ತೆ. ಆದ್ರೆ ಅಮ್ಮನ ಮಂಡಿ ನೋವು ಅಂದ್ರಲ್ಲ, ಅದಕ್ಕೆ ಹೇಳ್ತೀನಿ, ಅದರಲ್ಲಿ ತುಂಬಾ ಬೋಗಿಗಳು ಬೇರೆಯವರು ಓಡಿಸಿ ಬಿಟ್ಟಿದ್ದನ್ನ ರಿಪೇರಿ ಮಾಡಿ ಬಣ್ಣ ಹೊಡೆದದ್ದು. ಬಾಗಿಲು ಕಿರಿದು, ಮೆಟ್ಟಿಲು ಕಡಿದು, ಪ್ಲಾಟ್‌ಫಾರ್ಮ್ ತಗ್ಗಿದ್ರೆ ಕಂಬಿ ಹಿಡ್ಕೊಂಡು ಮೈನ ಮೇಲಕ್ಕೆ ಎಳ್ಕೋಬೇಕು. ಸೂಟ್‌ಕೇಸ್ ಬೇರೆ ಇದ್ರೆ ಕೆಳಗೆ ಒಬ್ರು, ಮೇಲೆ ಒಬ್ರು ಇರ್ಲೇಬೇಕು.

ಗೇಜ್_ಕನ್ವರ್ಷನ್
ಆ ಹಳೇ ಬೋಗಿ ಹಿಂದೆ ದೊಡ್ಡ ಕಥೆ ಇದೆ, ಟ್ರೈನ್ ಹುಚ್ಚಿನ ಅಪ್ಪಂಗೆ ಖಂಡಿತ ಹೇಳಿ.

ರೆಜಿಯೋಜೆಟ್ ಶುರು ಆಗಿದ್ದು 2011 ರ ಸೆಪ್ಟೆಂಬರ್‌ನಲ್ಲಿ, ಪ್ರಾಗ್ ಓಸ್ಟ್ರಾವಾ ಲೈನಲ್ಲಿ. ಮಾಲೀಕ ರಾದಿಮ್ ಯಾಂಚುರಾ, ಅದಕ್ಕೂ ಮುಂಚೆ ಹಳದಿ ಬಸ್ ಓಡಿಸ್ತಿದ್ದವರು. ಮುಂದಿನ ವರ್ಷದ ಕೊನೆ ಹೊತ್ತಿಗೆ ಅದೇ ಲೈನಿಗೆ ಲಿಯೋ ಎಕ್ಸ್‌ಪ್ರೆಸ್ ಅಂತ ಇನ್ನೊಂದು ಪ್ರೈವೇಟು ಬಂತು. ಒಂದು ಲೈನಿಗೆ ಮೂರು ಕಂಪನಿ, ರೇಟ್ ವಾರ್ ಅಂದ್ರೆ ರೇಟ್ ವಾರ್. ಈಗ ಹೊಸ ಕಂಪನಿ ಟ್ರೈನ್ ಓಡಿಸ್ಬೇಕು ಅಂದ್ರೆ ಬೋಗಿ ಬೇಕಲ್ವಾ, ಹೊಸದು ಆರ್ಡರ್ ಕೊಟ್ರೆ ಬರೋಕೆ ವರ್ಷಗಳು, ಪ್ರತಿ ದೇಶದಲ್ಲೂ ಬೇರೆ ಬೇರೆ ಪರ್ಮಿಷನ್ನು, ಸಿಗ್ನಲ್ ಬೇರೆ, ಕರೆಂಟ್ ಬೇರೆ, ಬ್ಯಾಂಕಿನವರು ಸಾಲ ಕೊಡೋಕೆ ಹಿಂದೇಟು. ಹಂಗಾಗಿ ಸೆಕೆಂಡ್ ಹ್ಯಾಂಡೇ ಗತಿ. ಆಸ್ಟ್ರಿಯಾದ ಸರ್ಕಾರಿ ರೈಲ್ವೆ ಓಬಿಬಿ ತನ್ನ ಹಳೇ ಲಾಂಗ್ ಡಿಸ್ಟೆನ್ಸ್ ಬೋಗಿ ಮಾರ್ತಿತ್ತು, ರೆಜಿಯೋಜೆಟ್‌ಗೆ ಅದು ಬೇಕಿತ್ತು. ಅಲ್ಲಿ ಓಬಿಬಿನೂ ಚೆಸ್ಕೆ ದ್ರಾಹಿನೂ ಒಳಗೊಳಗೇ ಮಾತಾಡ್ಕೊಂಡು ಆ ಬೋಗಿಗಳು ರೆಜಿಯೋಜೆಟ್ ಕೈಗೆ ಹೋಗದೇ ಇರೋ ಹಾಗೆ ನೋಡ್ಕೊಂಡ್ರು, 2012 ರಿಂದ 2016 ರವರೆಗೆ. ಇದು ನಾನು ಕಟ್ಟಿದ ಕಥೆ ಅಲ್ಲ, ಯೂರೋಪಿಯನ್ ಕಮಿಷನ್ 2024 ರ ಅಕ್ಟೋಬರ್‌ನಲ್ಲಿ ಇಬ್ರಿಗೂ ಸೇರಿ 48.7 ಮಿಲಿಯನ್ ಯೂರೋ ದಂಡ ಹಾಕ್ತು. ಓಬಿಬಿ ತನಿಖೆಗೆ ಸಹಕರಿಸಿದ್ದಕ್ಕೆ ಅವರ ಪಾಲಲ್ಲಿ ಒಂದಿಷ್ಟು ಕಡಿತ ಬೇರೆ.

ಎರಡು ದೇಶದ ಸರ್ಕಾರಿ ರೈಲ್ವೆ ಸೇರಿ ಹಳೇ ಬೋಗಿಗೆ ಇಷ್ಟು ರಾಜಕೀಯ ಮಾಡಿದಾರೆ ಅಂದ್ರೆ ಆ ಹಳದಿ ಟ್ರೈನ್ ಎಷ್ಟು ಕಾಡಿರಬೇಕು ಯೋಚ್ನೆ ಮಾಡಿ.

ಅಂದಹಾಗೆ ಅಪ್ಪಂಗೆ ಇನ್ನೊಂದು: ಪ್ರಾಗ್‌ನಿಂದ ಬ್ರನೋ ಮೇಲೆ ವಿಯೆನ್ನಾ ಮುಟ್ಟೋದ್ರೊಳಗೆ ಮೂರು ಥರ ಕರೆಂಟ್. ಪ್ರಾಗ್ ಕಡೆ 3 ಕಿಲೋವೋಲ್ಟ್ ಡಿಸಿ, ಬ್ರನೋ ಕಡೆ 25 ಕಿಲೋವೋಲ್ಟ್ ಎಸಿ, ಆಸ್ಟ್ರಿಯಾ ಒಳಗೆ 15 ಕಿಲೋವೋಲ್ಟ್. ಒಂದೇ ಇಂಜಿನ್ ಎಲ್ಲಾನೂ ನುಂಗ್ಕೊಂಡು ಹೋಗುತ್ತೆ.

ಹುಬ್ಬಳ್ಳಿ_ಮಂದಿ
ಎಲ್ಲಾ ಖರೇ ಐತ್ರಿ, ಆದ್ರ ಈ ಪ್ರೈವೇಟ್ ಮಂದಿ ಎಲ್ಲಿ ಓಡಸ್ತಾರ ನೋಡ್ರಿ. ಪ್ರಾಗ್ ವಿಯೆನ್ನಾ, ಮಿಲಾನ್ ರೋಮ್, ಮ್ಯಾಡ್ರಿಡ್ ಬಾರ್ಸಿಲೋನಾ, ಹ್ಯಾಂಬರ್ಗ್ ಕಲೋನ್. ರೊಕ್ಕ ಇರೋ ಲೈನ್ ಅಷ್ಟ. ನಮ್ಮ ಕಡೆ ರಾತ್ರಿ ಹುಬ್ಬಳ್ಳಿ ಬೆಂಗಳೂರಿಗೆ ಪ್ರೈವೇಟ್ ಸ್ಲೀಪರ್ ಸಾಲಾಗಿ ನಿಂತಿರ್ತಾವು, ಮುಂಜಾನೆ ಹಳ್ಳಿ ಹುಡುಗರನ್ನ ಸಾಲಿಗೆ ಕರಕೊಂಡು ಬರಾಕ ಮಾತ್ರ ಸರ್ಕಾರಿ ಕೆಂಪ ಬಸ್ಸೇ ಬೇಕು. ಇಲ್ಲೂ ಅದ ಹಣೆಬರಹ. ಕೆನಿ ಎಲ್ಲಾ ಇವರು ತಿಂದು ಮಜ್ಜಿಗಿ ಸರ್ಕಾರಕ್ಕ ಬಿಟ್ರ ಆ ರೈಲ್ವೆ ಹೆಂಗ ಬದುಕಬೇಕು? ಆಮ್ಯಾಲ ನೀವ ಅಂತೀರಿ ಸರ್ಕಾರಿ ರೈಲ್ವೆ ಲಾಸ್, ಸರ್ಕಾರಿ ರೈಲ್ವೆ ಲೇಟ್ ಅಂತ.

ಗೇಜ್_ಕನ್ವರ್ಷನ್
@ಹುಬ್ಬಳ್ಳಿ_ಮಂದಿ ಸರ್, ಅರ್ಧ ಒಪ್ತೀನಿ. ಆದ್ರೆ ಇಲ್ಲಿ ಹಳ್ಳಿ ಲೈನ್ ನಡೆಯೋದು ದೊಡ್ಡ ಲೈನಿನ ಲಾಭದಿಂದ ಅಲ್ಲ. ಜರ್ಮನಿಯಲ್ಲಿ ರೀಜನಲ್ ಟ್ರೈನಿಗೆ ದುಡ್ಡು ಕೊಡೋದು ಆಯಾ ರಾಜ್ಯ ಸರ್ಕಾರ, 1996 ರಿಂದ ಹಂಗೇ. ಟೆಂಡರ್ ಕರೀತಾರೆ, ಡಿಬಿನೂ ಹಾಕುತ್ತೆ, ಬೇರೆ ಕಂಪನಿಗಳೂ ಹಾಕ್ತಾವೆ, ಗೆದ್ದೋರು ಓಡಿಸ್ತಾರೆ. ನಾವು ಡಾಯ್ಚ್‌ಲ್ಯಾಂಡ್ ಟಿಕೆಟ್ (ಎಲ್ಲಾ ರೀಜನಲ್ ಟ್ರೈನಿಗೂ ನಡೆಯೋ ತಿಂಗಳ ಪಾಸು) ಇಟ್ಕೊಂಡು ಹತ್ತೋ ಎಷ್ಟೋ ಟ್ರೈನ್ ಡಿಬಿದೇ ಅಲ್ಲ, ನಮಗೆ ಗೊತ್ತೂ ಆಗಲ್ಲ.

ನಿಮ್ಮ ಮಾತು ನಿಜ ಆಗೋದು ಲಾಂಗ್ ಡಿಸ್ಟೆನ್ಸಲ್ಲಿ. ಐಸಿಇ (ಹೈಸ್ಪೀಡು), ಐಸಿ (ಇಂಟರ್‌ಸಿಟಿ) ಟ್ರೈನುಗಳಿಗೆ ರಾಜ್ಯದ ಸಬ್ಸಿಡಿ ಇಲ್ಲ, ಡಿಬಿ ತಾನೇ ದುಡ್ಡು ಹುಟ್ಟಿಸ್ಕೋಬೇಕು. ಅಲ್ಲಿ ಬರ್ಲಿನ್ ಕಲೋನ್ ಥರದ ಲೈನಲ್ಲಿ ಪ್ರಯಾಣಿಕರು ಕಮ್ಮಿ ಆದ್ರೆ ಡಿಬಿ ಮೊದಲು ಕೈ ಬಿಡೋದು ಯಾವುದೋ ಸಣ್ಣ ಊರಿಗೆ ದಿನಕ್ಕೆ ಒಂದೆರಡು ಸಲ ಹೋಗೋ ಐಸಿನ.

ಕುಡ್ಲದ_ಕುವರ
ಮಿಲಾನಿನಿಂದ ಹೇಳ್ತಾ ಇದ್ದೇನೆ. ಇಟಲಿ ಉಂಟಲ್ಲ, ಇದು ಬೇರೆಯೇ ಲೆಕ್ಕ ಮಾರ್ರೆ. ಇಟಾಲೊವನ್ನು ಬಜೆಟ್ ಟ್ರೈನ್ ಅಂತ ಹೇಳುದೇ ತಪ್ಪು, ಅದು ಸರ್ಕಾರಿ ಟ್ರೈನ್ ಫ್ರೆಚ್ಚರೋಸ್ಸಾದ ಹಾಗೇ ಫುಲ್ ಹೈಸ್ಪೀಡ್, ರೋಮ್ ಮಿಲಾನ್ ಹೆಚ್ಚು ಕಮ್ಮಿ ಮೂರು ಗಂಟೆ. 2012 ರ ಏಪ್ರಿಲ್ 28 ಕ್ಕೆ ಶುರು ಆದದ್ದು, ಫೆರಾರಿಯಲ್ಲಿ ಇದ್ದ ಮೊಂತೆಜೆಮೊಲೊ ಮತ್ತೆ ಅವರ ಫ್ರೆಂಡ್ಸ್ ಸೇರಿ ದುಡ್ಡು ಹಾಕಿ ಆಲ್‌ಸ್ಟಮ್ ಕಂಪನಿಯಿಂದ 25 ಹೊಸ ಟ್ರೈನ್ ತರಿಸಿದ್ರು. ಸೆಕೆಂಡ್ ಹ್ಯಾಂಡ್ ಎಂತದ್ದೂ ಇಲ್ಲ.

ಶುರುವಿನಲ್ಲಿ ಎಂತ ಆದದ್ದು ಅಂದ್ರೆ, ರೋಮಿನ ಮೇನ್ ಸ್ಟೇಷನ್ ತೆರ್ಮಿನಿಯಲ್ಲಿ ಇವರು ಇರ್ಲಿಲ್ಲ, ಓಸ್ತಿಯೆನ್ಸೆ, ತಿಬುರ್ತೀನಾ ಅಂತ ಬದಿಯ ಸ್ಟೇಷನ್ನಿಂದ ಓಡಿಸಿದ್ರು. ಓಸ್ತಿಯೆನ್ಸೆಯಲ್ಲಿ ಇಟಾಲೊದವರದ್ದು ಚಂದದ ಲೌಂಜ್, ಎದುರಿಗೇ ಪ್ಲಾಟ್‌ಫಾರ್ಮ್. ನಡುವೆ ಒಂದು ಕಬ್ಬಿಣದ ಬೇಲಿ! ಹಳಿ, ಸ್ಟೇಷನ್ ನೋಡಿಕೊಳ್ಳುವ ಆರ್‌ಎಫ್‌ಐ ಹಾಕಿದ್ದು, ಕೇಳಿದ್ರೆ ಸೇಫ್ಟಿಗೆ ಅಂತ. ಪ್ರಯಾಣಿಕರು ಲಗೇಜ್ ಎಳ್ಕೊಂಡು ಸುತ್ತು ಬಳಸಿ ಹೋಗ್ಬೇಕು. ಈ ಆರ್‌ಎಫ್‌ಐ ಮತ್ತೆ ಸರ್ಕಾರಿ ಟ್ರೈನ್ ಓಡಿಸುವ ಟ್ರೆನಿತಾಲಿಯಾ ಎರಡೂ ಒಂದೇ ಗ್ರೂಪಿನ ಮಕ್ಕಳು ಅಂತ ಗೊತ್ತಾದ್ರೆ ಬೇಲಿ ಯಾಕೆ ಅಂತ ಬಿಡಿಸಿ ಹೇಳ್ಬೇಕಾ?

ಮತ್ತೆ ರೆಗ್ಯುಲೇಟರ್ ಬಂತು, ಹಳಿಯ ಬಾಡಿಗೆ ಇಳೀತು, ಈಗ ಇಟಾಲೊ ತೆರ್ಮಿನಿಯಿಂದಲೇ ಹೋಗ್ತದೆ. ಟ್ರೆನಿತಾಲಿಯಾ ಸಹ ಸುಮ್ನೆ ಕೂರ್ಲಿಲ್ಲ, ಟ್ರೈನ್ ಜಾಸ್ತಿ ಮಾಡಿತು, ಆಫರ್ ಕೊಟ್ಟಿತು. ಜನ ವಿಮಾನ ಬಿಟ್ಟು ಟ್ರೈನ್ ಹತ್ಲಿಕ್ಕೆ ಶುರು ಮಾಡಿದ್ರು. ಹುಬ್ಬಳ್ಳಿ ಅಣ್ಣನಿಗೆ: ಇಲ್ಲಿ ದಕ್ಷಿಣದ ಸಣ್ಣ ಊರುಗಳಿಗೆ ಹೋಗುವ ಇಂಟರ್‌ಸಿಟಿಗೆ ಸರ್ಕಾರ ಬೇರೆಯೇ ಕಾಂಟ್ರಾಕ್ಟ್ ಮಾಡಿ ದುಡ್ಡು ಕೊಡ್ತದೆ, ಅದು ನಿಂತಿಲ್ಲ.

ಹುಬ್ಬಳ್ಳಿ_ಮಂದಿ
ಬ್ಯಾಲಿ ಕಥಿ ಭಾರಿ ಐತಿ 😂 ಆದ್ರ ರೊಕ್ಕ ಸರ್ಕಾರನ ಕೊಡಬೇಕಾತಲ್ಲ ಕಡೀಕ, ನಾ ಅದನ್ನ ಹೇಳಿದ್ದು.

ತುಂಗಾತೀರ
ಎಲ್ರೂ ಕಂಪನಿ ಬಗ್ಗೆ ಮಾತಾಡ್ತಿದೀರ, ಟಿಕೆಟ್ ಬಗ್ಗೆ ಯಾರೂ ಹೇಳ್ತಿಲ್ಲ, ನನ್ ಅನುಭವ ಕೇಳಿ. ಹೆಸರು ಬೇಡ, ಒಂದು ಅಗ್ಗದ ಟ್ರೈನಲ್ಲಿ ದೊಡ್ಡ ಜಂಕ್ಷನ್‌ವರೆಗೆ, ಅಲ್ಲಿಂದ ಮುಂದೆ ಬೇರೆ ಕಂಪನಿ ಸೇವರ್ ಟಿಕೆಟ್ಟು, ನಡುವೆ 40 ನಿಮಿಷ ಗ್ಯಾಪ್ ಇಟ್ಟಿದ್ದೆ. ಮೊದಲನೇದು ಯಾವುದೋ ಸಿಗ್ನಲ್ ಹತ್ರ ನಿಂತಿದ್ದು ನಿಂತೇ ಇತ್ತು, ಅನೌನ್ಸ್‌ಮೆಂಟ್ ಇಲ್ಲ, ಎಸಿ ಆಫು, ಕೊನೆಗೆ ಜಂಕ್ಷನ್ ಮುಟ್ಟೋ ಹೊತ್ತಿಗೆ ನನ್ನ ಎರಡನೇ ಟ್ರೈನ್ ಹೋಗಿ ಅರ್ಧ ಗಂಟೆ. ಕೌಂಟರ್‌ನಲ್ಲಿ ಆಯಮ್ಮ ಎರಡೂ ಟಿಕೆಟ್ ಪಕ್ಕಪಕ್ಕ ಇಟ್ಟು ನೋಡಿ ಮೊದಲನೇದರ ಮೇಲೆ ಬೆರಳಿಟ್ಟು "ಇದು ನಮ್ದಲ್ಲ" ಅಂದ್ಲು. ಅಷ್ಟೇ. ಹೊಸ ಟಿಕೆಟ್ಟು, ಅವತ್ತಿನ ರೇಟಲ್ಲಿ. ಚೀಪ್ ಟ್ರೈನಲ್ಲಿ ಉಳಿಸಿದ್ದು ಹೋಗಿ ಮೇಲೆ ಕೈಯಿಂದ ಕಟ್ಟಿದ್ದಾಯ್ತು.

ಅದೇ ಎರಡೂ ಡಿಬಿ ಒಂದೇ ಟಿಕೆಟ್ ಆಗಿದ್ರೆ, 20 ನಿಮಿಷಕ್ಕಿಂತ ಜಾಸ್ತಿ ಲೇಟ್ ಆಗುತ್ತೆ ಅಂತ ಗೊತ್ತಾದ್ರೆ ಸಾಕು, ಸೇವರ್ ಟಿಕೆಟಿನ "ಇದೇ ಟ್ರೈನ್ ಹತ್ತಬೇಕು" ಅನ್ನೋ ಕಟ್ಟು ಬಿಟ್ಟೋಗುತ್ತೆ, ಮುಂದಿನ ಐಸಿಇ ಹತ್ಕೊಂಡು ಹೋಗ್ಬೋದು. ಟೈಮ್ ಟೇಬಲ್ ಪ್ರಕಾರ ರಾತ್ರಿ 12 ರಿಂದ 5 ರ ನಡುವೆ ಇಳಿಯಬೇಕಿದ್ದು ಒಂದು ಗಂಟೆ ಮೇಲೆ ಲೇಟ್ ಆಗಿ, ಮುಂದೆ ಬೇರೆ ದಾರಿನೇ ಇಲ್ಲ ಅಂದ್ರೆ 120 ಯೂರೋವರೆಗೆ ಟ್ಯಾಕ್ಸಿ ದುಡ್ಡೂ ಕೇಳ್ಬೋದು. ಡಿಬಿ ಲೇಟ್ ಆಗೋದು ನಿಜ, 2024 ರಲ್ಲಿ ಲಾಂಗ್ ಡಿಸ್ಟೆನ್ಸ್ ಟೈಮಿಗೆ ಬಂದಿದ್ದು 62.5% ಅಷ್ಟೇ, ಅದೂ ಆರು ನಿಮಿಷದೊಳಗಿನ ಲೇಟನ್ನ ಲೇಟ್ ಅಂತನೇ ಎಣಿಸಲ್ಲ. ಆದ್ರೆ ಲೇಟ್ ಆದಾಗ ಹೊಣೆ ಹೊರೋರು ಒಬ್ರು ಇರ್ತಾರೆ. ಎರಡು ಕಂಪನಿ ಟಿಕೆಟ್ ತಗೊಂಡ್ರೆ ನಡುವಿನ ಗ್ಯಾಪಿಗೆ ಯಾರೂ ವಾರಸುದಾರರಿಲ್ಲ.

ಪರಿಹಾರ ಎಲ್ಲಾ ಕಂಪನಿಗೂ ಒಂದೇ ರೂಲು, ಯೂರೋಪಿಯನ್ ಯೂನಿಯನ್‌ದು, ಒಂದು ಗಂಟೆ ಲೇಟಿಗೆ 25%, ಎರಡು ಗಂಟೆಗೆ 50%. ಆದ್ರೆ ಅದು ಆ ಟಿಕೆಟಿಗೆ ಮಾತ್ರ. 20 ಯೂರೋ ಟಿಕೆಟಿನ ಕಾಲು ಭಾಗ ಬಂದು ಏನ್ ಮಾಡೋದು, ಒಂದು ಕಾಫಿ ಕುಡೀಬೋದು.

ಹಾಸನದಿಂದ_ಬರ್ಲಿನ್
ಅಯ್ಯೋ ಇದು ಹೊಳೆದೇ ಇರ್ಲಿಲ್ಲ. ನಾನು ವಿಯೆನ್ನಾದಲ್ಲಿ ಇಳಿದು ಅವತ್ತೇ ವೆನಿಸ್ ಟ್ರೈನ್ ಹಿಡಿಯೋಣ ಅಂತಿದ್ದೆ.

ತುಂಗಾತೀರ
ಬೇಡ್ವೇ ಬೇಡ ಮೇಡಂ. ವಯಸ್ಸಾದವರನ್ನ ಕರ್ಕೊಂಡು ಬೇರೆ ಬೇರೆ ಕಂಪನಿ ಟ್ರೈನ್ ಒಂದೇ ದಿನ ಜೋಡಿಸ್ಬೇಡಿ. ಜೋಡಿಸ್ಲೇಬೇಕು ಅಂದ್ರೆ ಪ್ರಾಗ್‌ನಿಂದ ವೆನಿಸ್‌ವರೆಗೂ ಒಂದೇ ಟಿಕೆಟ್ ಸಿಗುತ್ತಾ ನೋಡಿ. ಇಲ್ಲ ಅಂದ್ರೆ ವಿಯೆನ್ನಾದಲ್ಲಿ ಎರಡು ರಾತ್ರಿ ಉಳ್ಕೊಳಿ, ಹೆಂಗೂ ನೋಡೋಕೆ ಬೇಕಾದಷ್ಟಿದೆ.

ಚಾ_ಕುಡಿಯೋ_ಟೈಮ್
ಲಂಡನ್ ಕಡೆಯಿಂದ. ತುಂಗಾತೀರ ಹೇಳಿದ ಪ್ರಾಬ್ಲಮ್ ಇಲ್ಲಿ ಅಷ್ಟಿಲ್ಲ, ವಿಚಿತ್ರ ಅಂದ್ರೆ ಪ್ರೈವೇಟೈಸೇಶನ್‌ನ ಎಲ್ಲರಿಗಿಂತ ಜಾಸ್ತಿ ಮಾಡಿದ ದೇಶ ಇದು. ನ್ಯಾಷನಲ್ ರೈಲ್ ರೂಲ್ಸ್ ಪ್ರಕಾರ ಎರಡು ಮೂರು ಟಿಕೆಟ್ ಜೋಡಿಸಿ ಒಂದೇ ಪ್ರಯಾಣ ಮಾಡಿದ್ರೂ ಅದು ಒಂದೇ ಪ್ರಯಾಣ, ಮೊದಲ ಕಂಪನಿ ಲೇಟಾಗಿ ಎರಡನೇದು ತಪ್ಪಿದ್ರೆ ಮುಂದಿನದಕ್ಕೆ ಹತ್ತಿಸ್ಕೊಳ್ಳಬೇಕು. ಅಂದ್ರೆ ರೂಲ್ ಬರೆದ್ರೆ ಆಗುತ್ತೆ, ಕಾಂಪಿಟಿಷನ್ ಇದ್ರೆ ಕನೆಕ್ಷನ್ ಹಾಳಾಗ್ಲೇಬೇಕು ಅಂತೇನಿಲ್ಲ.

ಇಲ್ಲಿ ಈಗ ಗಾಳಿ ಉಲ್ಟಾ. 2024 ರಲ್ಲಿ ಕಾನೂನು ಮಾಡಿ ಕಾಂಟ್ರಾಕ್ಟ್ ಮುಗಿದ ಹಾಗೆ ಕಂಪನಿಗಳನ್ನ ಸರ್ಕಾರ ವಾಪಸ್ ತಗೋತಿದೆ, 2025 ರ ಮೇನಲ್ಲಿ ಮೊದಲು ಸೌತ್ ವೆಸ್ಟರ್ನ್. ಆದ್ರೆ ಲುಮೋ ಥರದವರು ಉಳ್ಕೊಂಡಿದಾರೆ, ಅವರು ಸರ್ಕಾರದಿಂದ ದುಡ್ಡೂ ತಗೊಳಲ್ಲ ಕಾಂಟ್ರಾಕ್ಟೂ ಇಲ್ಲ, ಹಳಿ ಮೇಲೆ ಜಾಗ ಕೇಳಿ ಓಡಿಸ್ತಾರೆ. 2021 ರ ಅಕ್ಟೋಬರ್‌ನಿಂದ ಲಂಡನ್ ಎಡಿನ್‌ಬರಾ, ಒಂದೇ ಕ್ಲಾಸು. ಇಲ್ಲಿನ ರೆಗ್ಯುಲೇಟರ್ ಹೊಸ ಟ್ರೈನಿಗೆ ಪರ್ಮಿಷನ್ ಕೊಡೋ ಮುಂಚೆ ನೋಡೋದೇ ಹುಬ್ಬಳ್ಳಿಯವರು ಕೇಳಿದ ಪ್ರಶ್ನೆ: ಇದು ಹೊಸ ಪ್ರಯಾಣಿಕರನ್ನ ತರುತ್ತಾ, ಇಲ್ಲಾ ಇರೋ ಕಂಪನಿ ಜೇಬಿಂದ ಕಿತ್ಕೊಳುತ್ತಾ.

ಬಾರ್ಸಿಲೋನಾ_ಭಟ್ಟ
ಇಡೀ ಚರ್ಚೆಲಿ ಒಂದು ತಮಾಷೆ ಯಾರೂ ಹೇಳ್ಲಿಲ್ಲ. ನೀವು "ಪ್ರೈವೇಟ್" ಅಂತ ಕರೀತಿರೋದ್ರಲ್ಲಿ ಎಷ್ಟೋ ಬೇರೆ ದೇಶದ ಸರ್ಕಾರಿ ರೈಲ್ವೇನೇ ವೇಷ ಹಾಕ್ಕೊಂಡು ಬಂದಿರೋದು! ಸ್ಪೇನ್‌ನಲ್ಲಿ ಮ್ಯಾಡ್ರಿಡ್ ಬಾರ್ಸಿಲೋನಾ ಲೈನು, 621 ಕಿಲೋಮೀಟರ್, 2021 ರ ಮೇನಲ್ಲಿ ವೀಗೋ ಬಂತು, ಡಬಲ್ ಡೆಕರ್, ಎಲ್ರೂ ಪ್ರೈವೇಟ್ ಬಂತು ಅಂದ್ರು. ಅದು ಫ್ರಾನ್ಸ್ ಸರ್ಕಾರದ ಎಸ್‌ಎನ್‌ಸಿಎಫ್‌ದು. 2022 ರ ನವೆಂಬರ್‌ನಲ್ಲಿ ಕೆಂಪು ಬಣ್ಣದ ಇರ್ಯೋ ಬಂತು, ಅದರಲ್ಲಿ ದೊಡ್ಡ ಪಾಲು ಇಟಲಿ ಸರ್ಕಾರದ ಟ್ರೆನಿತಾಲಿಯಾದ್ದು. ಅದೇ ಟ್ರೆನಿತಾಲಿಯಾ ಫ್ರಾನ್ಸ್ ಒಳಗೆ ಪ್ಯಾರಿಸ್ ಲಿಯೋನ್‌ನಲ್ಲಿ ಎಸ್‌ಎನ್‌ಸಿಎಫ್ ಜೊತೆ ಗುದ್ದಾಡುತ್ತೆ. ಸ್ಪೇನ್‌ನ ಸರ್ಕಾರಿ ರೆನ್‌ಫೆ ಫ್ರಾನ್ಸಿಗೆ ಟ್ರೈನ್ ಬಿಡುತ್ತೆ. ಊರಲ್ಲಿ ನಾನೇ ಗೌಡ, ಪಕ್ಕದೂರಲ್ಲಿ ನಾನೇ ದಂಗೆಕೋರ.

ನಮಗೆ ಮಾತ್ರ ಹಬ್ಬ. ವೀಗೋ ಬಂದ ಮುಂದಿನ ತಿಂಗಳೇ ರೆನ್‌ಫೆ ಆವ್ಲೊ ಅಂತ ನೇರಳೆ ಬಣ್ಣದ ಅಗ್ಗದ ಟ್ರೈನ್ ಇಳಿಸ್ತು. ಇರ್ಯೋ ಬಂದ್ಮೇಲೆ ನಾಕು ಬ್ರ್ಯಾಂಡು ಒಂದೇ ಹಳಿ ಮೇಲೆ ಓಡ್ತಿದ್ವು. ರೇಟು ಹೆಂಗೆ ಬಿತ್ತು ಅಂದ್ರೆ 2024 ರಲ್ಲಿ ಇಲ್ಲಿನ ಸಾರಿಗೆ ಮಂತ್ರಿ ಓಸ್ಕರ್ ಪುಯೆಂತೆ ವೀಗೋ ಖರ್ಚಿಗಿಂತ ಕಮ್ಮಿಗೆ ಟಿಕೆಟ್ ಮಾರ್ತಿದೆ, ಇದು ಡಂಪಿಂಗ್ ಅಂತ ಬಹಿರಂಗವಾಗೇ ಜಗಳಕ್ಕಿಳಿದ್ರು. ಅವರ ಮಾತಲ್ಲೂ ಹುರುಳಿದೆ ಅನ್ಸುತ್ತೆ ನಂಗೆ. ಫ್ರಾನ್ಸಿನ ಟ್ಯಾಕ್ಸ್ ಕಟ್ಟೋರ ಬೆನ್ನ ಮೇಲೆ ನಾವು 9 ಯೂರೋಗೆ ಬಾರ್ಸಿಲೋನಾ ಹೋಗೋದು ಎಷ್ಟು ದಿನ ನಡೆಯುತ್ತೆ?

ಆದ್ರೆ ಒಂದು ಗಮನಿಸಿ, ಇಲ್ಲಿ ಹಳಿ ನೋಡಿಕೊಳ್ಳೋ ಆದಿಫ್ ರೆನ್‌ಫೆಯಿಂದ ಬೇರೆ ಕಂಪನಿ. ಹಳಿ ಖಾಲಿ ಇತ್ತು, ಇಷ್ಟು ದುಡ್ಡು ಸುರಿದು ಕಟ್ಟಿದ್ದಕ್ಕೆ ಟ್ರೈನ್ ಸಾಲ್ದು ಅಂತ ಅವರೇ ಜಾಗನ ಮೂರು ಪ್ಯಾಕೇಜ್ ಮಾಡಿ ಹಂಚಿದ್ರು. ಜರ್ಮನಿ ಥರ ಹಳಿ ಮೊದಲೇ ತುಂಬಿ ತುಳುಕ್ತಿರೋ ಕಡೆ ಇದೇ ಆಟ ನಡೆಯಲ್ಲ.

ಒಂಟಿಕೊಪ್ಪಲ್
ಜ್ಯೂರಿಕ್‌ನಿಂದ ಒಂದು ಮಾತು, ಬೈಬೇಡಿ. ಸ್ವಿಟ್ಜರ್ಲೆಂಡಲ್ಲಿ ಈ ಪ್ರೈವೇಟ್ ಕಾಂಪಿಟಿಷನ್ನೇ ಇಲ್ಲ ಅನ್ನಬಹುದು, ಆದ್ರೂ ಟ್ರೈನ್ ಯೂರೋಪಲ್ಲೇ ಟಾಪು. ಯಾಕಂದ್ರೆ 1982 ರಿಂದ ಇಡೀ ದೇಶಕ್ಕೆ ಒಂದೇ ಟೈಮ್ ಟೇಬಲ್, ಪ್ರತಿ ಗಂಟೆ ಅದೇ ನಿಮಿಷಕ್ಕೆ ಟ್ರೈನು, ದೊಡ್ಡ ಸ್ಟೇಷನ್‌ಗೆ ಎಲ್ಲಾ ದಿಕ್ಕಿಂದ ಒಟ್ಟಿಗೇ ಬರುತ್ವೆ, ಜನ ಪ್ಲಾಟ್‌ಫಾರ್ಮ್ ದಾಟ್ತಾರೆ, ಒಟ್ಟಿಗೇ ಹೊರಡುತ್ವೆ. ಅಲ್ಲಿ ನಡುವೆ ಯಾವನೋ ತನಗೆ ಲಾಭ ಇರೋ ಟೈಮಿಗೆ ಒಂದು ಟ್ರೈನ್ ತೂರಿಸಿದ್ರೆ ಇಡೀ ಹೆಣಿಗೆ ಬಿಚ್ಚೋಗುತ್ತೆ. ಜರ್ಮನಿಯಿಂದ ಲೇಟಾಗಿ ಬರೋ ಟ್ರೈನ್‌ನ ಬಾಸೆಲ್‌ನಲ್ಲೇ ನಿಲ್ಲಿಸಿ, ಅಲ್ಲಿಂದ ತಮ್ಮದೇ ಟ್ರೈನ್ ಬಿಡ್ತಾರೆ, ಅಷ್ಟು ಕಟ್ಟುನಿಟ್ಟು. ರೇಟು ಮಾತ್ರ ಕೇಳ್ಬೇಡಿ, ಹಾಫ್ ಫೇರ್ ಕಾರ್ಡ್ ಇಲ್ದೆ ಹತ್ತಿದ್ರೆ ಕಣ್ಣಲ್ಲಿ ನೀರು.

ಗೇಜ್_ಕನ್ವರ್ಷನ್
@ಒಂಟಿಕೊಪ್ಪಲ್ ಇದಕ್ಕೆ ಉತ್ತರ ಆಸ್ಟ್ರಿಯಾದಲ್ಲಿದೆ. ವಿಯೆನ್ನಾ ಸಾಲ್ಜ್‌ಬರ್ಗ್‌ನಲ್ಲಿ 2011 ರ ಡಿಸೆಂಬರ್‌ನಿಂದ ವೆಸ್ಟ್‌ಬಾನ್ ಅನ್ನೋ ಪ್ರೈವೇಟ್ ಓಡ್ತಿದೆ (ಅದರಲ್ಲೂ ಎಸ್‌ಎನ್‌ಸಿಎಫ್‌ಗೆ ಸ್ವಲ್ಪ ಪಾಲಿದೆ ಭಟ್ಟರೇ, ನಿಮ್ಮ ಲಿಸ್ಟಿಗೆ ಸೇರಿಸ್ಕೊಳಿ). ಅವರೂ ಗಡಿಯಾರದ ಥರ ಫಿಕ್ಸ್ ಟೈಮಿಗೇ ಬಿಡ್ತಾರೆ, ಕ್ಲಿಮಾಟಿಕೆಟ್ ಅನ್ನೋ ವರ್ಷದ ಪಾಸು ಸರ್ಕಾರಿ ಟ್ರೈನಲ್ಲೂ ನಡೆಯುತ್ತೆ ವೆಸ್ಟ್‌ಬಾನಲ್ಲೂ ನಡೆಯುತ್ತೆ. ಆ ಪಾಸ್ ಇರೋ ಪ್ರಯಾಣಿಕನಿಗೆ ಯಾವ ಕಂಪನಿ ಅಂತ ನೋಡೋ ಅಗತ್ಯನೇ ಇಲ್ಲ. ಕಾಂಪಿಟಿಷನ್ ಮಾಡ್ಲಿ, ಆದ್ರೆ ಟಿಕೆಟ್ ಒಂದೇ ಇರ್ಲಿ ಅನ್ನೋದು ನನ್ನ ವಾದ.

ಜರ್ಮನಿಯಲ್ಲಿ ಅದಿಲ್ಲ. ಲೋಕೋಮೋರ್ ಅಂತ ಒಂದು ಕಂಪನಿ 2016 ರ ಡಿಸೆಂಬರ್‌ನಲ್ಲಿ ಬರ್ಲಿನ್ ಸ್ಟುಟ್‌ಗಾರ್ಟ್ ಶುರು ಮಾಡಿ ಮುಂದಿನ ಮೇ ಹೊತ್ತಿಗೆ ದಿವಾಳಿ. ಆ ಲೈನ್ ಆಮೇಲೆ ಬಸ್ಸಿನ ಫ್ಲಿಕ್ಸ್ ಕೈಗೆ ಹೋಗಿ ಫ್ಲಿಕ್ಸ್‌ಟ್ರೈನ್ ಆಯ್ತು. ಅವರು ಇಂಜಿನ್, ಡ್ರೈವರ್ ಎಲ್ಲಾ ಬೇರೆ ಕಂಪನಿಗಳಿಂದ ತರಿಸಿ ಹಳೇ ಬೋಗಿಗೆ ಹಸಿರು ಬಣ್ಣ ಹೊಡೆದು ಇಷ್ಟು ವರ್ಷ ಎಳೆದ್ರು, 2025 ರಲ್ಲಿ ಟಾಲ್ಗೊ ಕಂಪನಿ ಜೊತೆ 65 ಹೊಸ ಟ್ರೈನ್‌ವರೆಗೆ ಒಪ್ಪಂದ ಮಾಡ್ಕೊಂಡಿದಾರೆ. ಅದು ಬಂದ್ಮೇಲೆ ಡಿಬಿ ಏನ್ ಮಾಡುತ್ತೆ ನೋಡ್ಬೇಕು.

ನೈಋತ್ಯ_ರೈಲು
ಬೆಂಗಳೂರಿಂದ ಓದ್ತಿದೀನಿ, ನಮ್ಮಲ್ಲೂ 2020 ರಲ್ಲಿ ಪ್ರೈವೇಟ್ ಟ್ರೈನ್ ಅಂತ ಟೆಂಡರ್ ಕರೆದಿದ್ರಲ್ಲ, ಏನಾಯ್ತು ಅದು?

ಗೇಜ್_ಕನ್ವರ್ಷನ್
109 ರೂಟು, 151 ಟ್ರೈನು, ಬೆಂಗಳೂರಿಗೂ ಒಂದು ಕ್ಲಸ್ಟರ್ ಇತ್ತು. 2021 ರಲ್ಲಿ ಬಿಡ್ ಓಪನ್ ಮಾಡೋ ಹೊತ್ತಿಗೆ ಉಳಿದಿದ್ದು ಇಬ್ರೇ, ಅದರಲ್ಲಿ ಒಬ್ರು ರೈಲ್ವೇದೇ ಐಆರ್‌ಸಿಟಿಸಿ. ಹಳಿನೂ ರೈಲ್ವೇದು, ಡ್ರೈವರೂ ರೈಲ್ವೇದು, ಬಾಡಿಗೆ ಎಷ್ಟು ಅಂತ ಹೇಳೋದೂ ರೈಲ್ವೇ, ಜಗಳ ಆದ್ರೆ ಕೇಳೋಕೆ ಸ್ವತಂತ್ರ ರೆಗ್ಯುಲೇಟರ್ ಇಲ್ಲ, ದುಡ್ಡು ಹಾಕೋರು ಯಾರು? ಕುಡ್ಲದವರು ಹೇಳಿದ ಬೇಲಿನ ಇಡೀ ದೇಶದ ಉದ್ದಕ್ಕೂ ಹಾಕಿದಂಗೆ.

ಹಾಸನದಿಂದ_ಬರ್ಲಿನ್
ಸರಿ, ಹಿಂಗೆ ಮಾಡ್ತಿದೀನಿ ನೋಡಿ. ಪ್ರಾಗ್‌ವರೆಗೆ ಯೂರೋಸಿಟಿ. ಪ್ರಾಗ್ ವಿಯೆನ್ನಾ ರೈಲ್‌ಜೆಟ್, ಅಪ್ಪಂಗೆ ಹಳದಿ ಟ್ರೈನ್ ನೋಡ್ಬೇಕಂತೆ, ಪ್ಲಾಟ್‌ಫಾರ್ಮಲ್ಲೇ ನಿಂತು ನೋಡ್ಲಿ. ವಿಯೆನ್ನಾದಲ್ಲಿ ಎರಡು ರಾತ್ರಿ. ವೆನಿಸ್‌ಗೆ ಓಬಿಬಿ ಹಗಲು ಟ್ರೈನು. ವೆನಿಸ್ ರೋಮ್ ಮಾತ್ರ ಇಟಾಲೊ, ಮುಂದೆ ಕನೆಕ್ಷನ್ ಇಲ್ಲ, ಫ್ಲೈಟ್ ಮಾರನೇ ದಿನ. ಏನಾದ್ರೂ ತಪ್ಪಿದ್ರೆ ಹೇಳಿ.

ಬ್ರನೋ_ಬಯಲುಸೀಮೆ
ಸೂಪರ್. ರೈಲ್‌ಜೆಟಲ್ಲಿ ಸೀಟ್ ರಿಸರ್ವೇಷನ್ ಬೇರೆ ದುಡ್ಡು, ಮರೀಬೇಡಿ, ಶುಕ್ರವಾರ ಸಂಜೆ ಆದ್ರೆ ನಿಂತ್ಕೊಂಡೇ ಹೋಗ್ಬೇಕಾಗುತ್ತೆ.

ಕುಡ್ಲದ_ಕುವರ
ವೆನಿಸಿಗೆ ಹೋಗುವ ಟ್ರೈನ್ ಮೊದಲು ಮೆಸ್ತ್ರೆಯಲ್ಲಿ ನಿಲ್ತದೆ, ಬೋರ್ಡಲ್ಲಿ ವೆನೇಜಿಯಾ ಅಂತಲೇ ಇರ್ತದೆ, ಸುಮಾರು ಜನ ಅಲ್ಲೇ ಇಳಿದು ನೀರೆಲ್ಲಿ ಅಂತ ಹುಡುಕ್ತಾರೆ. ಇಳಿಬೇಡಿ ಮಾರ್ರೆ, ಸೇತುವೆ ದಾಟಿ ಕೊನೆಯ ಸ್ಟೇಷನ್, ಸಾಂತಾ ಲೂಚಿಯಾ. ಇಟಾಲೊ ಟಿಕೆಟ್ ಬುಕ್ ಮಾಡುವಾಗಲೂ ಅದನ್ನೇ ಆರಿಸಿ.